ಪ್ರಶ್ನೆ ಮೊದಲು, ಪೆಸರಟ್ಟು ಆಮೇಲೆ

ವಿಜಯವಾಡದ ನನ್ನ ನಾದಿನಿಗೆ, ಅಂದರೆ ನಿಮ್ಮ ಅಜ್ಜನ ತಂಗಿಗೆ, ಈ ಭೂಮಿಯ ಮೇಲೆ ತಿಳಿಯದ ಸಂಗತಿ ಒಂದೇ ಒಂದು: ಎದುರಿಗೆ ಕುಳಿತವರಿಗೆ ಹಸಿವಾಗಿದೆ ಎಂಬುದು! ಉಳಿದದ್ದೆಲ್ಲ ಆಕೆಗೆ ಗೊತ್ತು. ಜಿರಾಫೆಯ ನಾಲಿಗೆಯ ಬಣ್ಣ ಗೊತ್ತು, ತಾಜಮಹಲಿನ ಬಾಗಿಲು ಯಾವ ದಿಕ್ಕಿಗಿದೆ ಎಂಬುದು ಗೊತ್ತು. ಮೊಮ್ಮಕ್ಕಳೇ, ನಿಮ್ಮಲ್ಲಿ ಕನ್ನಡ ಓದಲು ಬರುವವರು ಇದನ್ನು ಬರದವರಿಗೆ ಓದಿ ಹೇಳಿ. ಆಕೆ ಎದುರಿಗಿದ್ದಾಗ ಮಾತ್ರ ಓದಬೇಡಿ. ನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತಾಳೆ!

ಆಕೆಯ ಮನೆಯಲ್ಲಿ ಊಟಕ್ಕೆ ಕುಳಿತರೆ ಮೊದಲು ಪ್ರಶ್ನೆ, ಆಮೇಲೆ ತಿಂಡಿ. ಒಮ್ಮೆ ತಮ್ಮ ಮಗಳ ಮದುವೆಗೆ ಕರೆಯಲು ಬಂದ ಕನ್ನಡಿಗ ಬ್ಯಾಂಕ್ ಮ್ಯಾನೇಜರೊಬ್ಬರು ಬಿಸಿ ಪೆಸರಟ್ಟಿನ, ಅಂದರೆ ಹೆಸರುಕಾಳಿನ ದೋಸೆಯ ಮುಂದೆ ಕುಳಿತಿದ್ದರು. ತಟ್ಟೆಯ ಅಂಚನ್ನು ಒಂದು ಬೆರಳಿನಿಂದ ಹಿಡಿದುಕೊಂಡೇ ನಾದಿನಿ ಕೇಳಿದಳು.

"ಮೆಣಸಿನಕಾಯಿ ನಮ್ಮ ದೇಶಕ್ಕ ಎಲ್ಲಿಂದ ಬಂತು, ಹೇಳ್ರಿ ನೋಡೋಣು?"

"ಗುಂಟೂರಿಂದ ಅಲ್ವಾ?"

"ಗುಂಟೂರು ಏನು ಪರದೇಶ ಏನ್ರಿ? ಅಮೆರಿಕಾ ಖಂಡದಿಂದ! ಪೋರ್ಚುಗೀಸರು ಹಡಗಿನ್ಯಾಗ ತಂದ್ರು."

ನನ್ನೊಡನೆ ವಿಶಾಖಪಟ್ಟಣದಿಂದ ಬಂದಿದ್ದ ನಿಮ್ಮ ಅಜ್ಜ ಸುಮ್ಮನಿರುವವರೇ? "ಹಂಗಾದ್ರ ಪಾಂಡವರು ಖಾರಕ್ಕ ಏನು ತಿಂದ್ರವಾ?"

"ಕರಿಮೆಣಸು ತಿಂದ್ರು. ನೀ ನಡುವ ಬಾಯಿ ಹಾಕಬ್ಯಾಡ ಅಣ್ಣಾ!"

ಅಣ್ಣತಂಗಿಯ ಜಗಳ ಮುಗಿಯುವ ಹೊತ್ತಿಗೆ ಪೆಸರಟ್ಟು ತಣ್ಣಗಾಗಿತ್ತು. ಪಾಪ, ಮ್ಯಾನೇಜರು ಮದುವೆಯ ಪತ್ರಿಕೆಯನ್ನು ಜೇಬಿನಲ್ಲೇ ಮರೆತು ಮನೆಗೆ ಹೋದರು.

ಇಷ್ಟೊಂದು ಜ್ಞಾನ ಎಲ್ಲಿಂದ ಬಂತು ಎನ್ನುತ್ತೀರಾ? ಪುಸ್ತಕದಿಂದಲ್ಲ, ನಿಮ್ಮ ಫೋನಿನಿಂದಲೂ ಅಲ್ಲ. ವಿಜಯವಾಡದ ಒನ್ ಟೌನ್ ಪೇಟೆಯ ಕಿರಾಣಿ ಅಂಗಡಿಯಿಂದ! ಅಲ್ಲಿ ಸಾಮಾನು ಕಟ್ಟಿಕೊಡುವ ಹಳೆಯ ತೆಲುಗು ಪತ್ರಿಕೆಗಳನ್ನು ಆಕೆ ನೀಟಾಗಿ ಬಿಡಿಸಿ, ಸಾಸಿವೆ ಕೊಡವಿ, ಓದುತ್ತಾಳೆ. ತೊಂದರೆ ಏನೆಂದರೆ ಅಂಗಡಿಯವನು ಪತ್ರಿಕೆ ಹರಿಯುವಾಗ ಸುದ್ದಿ ಎಲ್ಲಿ ಮುಗಿಯುತ್ತದೆ ಎಂದು ನೋಡುವುದಿಲ್ಲ. ಅರ್ಧ ಜ್ಞಾನ ಆಕೆಯ ಮನೆಗೆ, ಇನ್ನರ್ಧ ಇನ್ನೊಬ್ಬರ ಮನೆಗೆ!

ಒಂದು ಬೇಸಿಗೆಯಲ್ಲಿ ನಾವು ಅಲ್ಲಿದ್ದಾಗ ಕೊತ್ತಂಬರಿ ಬೀಜದ ಪೊಟ್ಟಣದೊಳಗೆ ಐಫೆಲ್ ಗೋಪುರ ಬಂತು. "ಬಿಸಿಲು ಹೆಚ್ಚಾದಾಗ ಈ ಗೋಪುರದ ಎತ್ತರ" ಎಂಬಲ್ಲಿಗೆ ಕಾಗದ ಹರಿದಿತ್ತು. ಉಳಿದದ್ದನ್ನು ಆಕೆಯೇ ಪೂರ್ತಿ ಮಾಡಿದಳು: ಕಡಿಮೆಯಾಗುತ್ತದೆ! ವಿಜಯವಾಡದ ಬಿಸಿಲಿನಲ್ಲಿ ಮನುಷ್ಯ, ಮರ, ಸೊಪ್ಪು ಎಲ್ಲವೂ ಬಾಡುವಾಗ ಗೋಪುರವೊಂದು ಬೆಳೆಯುತ್ತದೆ ಎಂದು ಯಾರಾದರೂ ಊಹಿಸುತ್ತಾರೆಯೇ? ನಿಮ್ಮ ಅಜ್ಜ ಮಾತ್ರ, "ಕಬ್ಬಿಣ ಕಾದ್ರ ಹಿಗ್ಗತದ, ಮಳ್ಳಿ" ಎಂದು ಹಟ ಹಿಡಿದರು.

ಆಕೆ ಚಪ್ಪಲಿ ಮೆಟ್ಟಿಕೊಂಡು ಸೀದಾ ಅಂಗಡಿಗೆ ಹೋದಳು. ಇನ್ನರ್ಧ ಕಾಗದ ಕೊಡು ಎಂದರೆ ಅಂಗಡಿಯವನು ಕೈ ಮುಗಿದು, "ಅಮ್ಮಾ, ಅದಿ ಕಂದಿಪಪ್ಪುತೋ ವೆಳ್ಳಿಪೋಯಿಂದಂಡಿ" ಎಂದ. ತೊಗರಿಬೇಳೆಯ ಜೊತೆ ಹೋಗಿತ್ತಂತೆ. ಬೇಳೆ ಒಯ್ದವರ ಮನೆ ಯಾವುದೆಂದು ಕೇಳಿ ಅಲ್ಲಿಗೂ ಹೋದಳು! ಆ ಮನೆಯಾಕೆ ಹೆದರಿ ಕಾಗದ ಕೊಟ್ಟಳು, ಮರ್ಯಾದೆಗೆ ಕಾಫಿಯನ್ನೂ ಕೊಟ್ಟಳು. ಗೋಪುರ ಬೆಳೆಯುತ್ತದೆ ಎಂದೇ ಅದರಲ್ಲಿತ್ತು. ಮನೆಗೆ ಬಂದ ನಾದಿನಿ, "ಅಲ್ಲಿ ಬಿಸಿಲು ಬ್ಯಾರೆ ತರದ್ದು ಬಿಡು" ಎಂದು ತೀರ್ಪು ಕೊಟ್ಟಳು.

ಆಕೆಯ ಜೊತೆ ಸಿನಿಮಾಕ್ಕೆ ಹೋಗಿದ್ದೀರಾ? ಹೋಗಬೇಡಿ. ನಾಯಕಿಯ ತಾಯಿ ಸಾಯುವ ದೃಶ್ಯ, ಇಡೀ ಟಾಕೀಸು ಮೂಗು ಒರೆಸಿಕೊಳ್ಳುತ್ತಿದೆ. ಈಕೆ ಅತ್ತಿಗೆಯಾದ ನನಗೆ ಗಟ್ಟಿಯಾಗಿ, "ಅದು ಕಣ್ಣೀರಲ್ಲ ವೈನಿ, ಗ್ಲಿಸರಿನ್ನು! ಸಾಬೂನು ಮಾಡುವಾಗ ಉಳೀತದಲ್ಲ, ಅದು!" ಎಂದಳು. ಮುಂದಿನ ಸಾಲಿನ ಹೆಂಗಸು ತಿರುಗಿ, "ಅಮ್ಮಾ, ಮಮ್ಮಲ್ನಿ ಕಾಸ್ತ ಏಡವನಿವ್ವಂಡಿ" ಎಂದು ಬೇಡಿಕೊಂಡಳು. ಸ್ವಲ್ಪ ಅಳಲು ಬಿಡಿ ತಾಯಿ ಎಂದು! ನಾನು ಸೆರಗು ಮುಖಕ್ಕೆ ಎಳೆದುಕೊಂಡೆ. ಹಳ್ಳಿಯ ಶಾಲೆಯಲ್ಲಿ ಕಲಿತವಳು ನಾನು. ನಾಲ್ಕು ಜನ ನನ್ನತ್ತ ನೋಡಿದರೆ ಸಾಕು, ನನ್ನ ಹೆಸರೇ ನನಗೆ ಮರೆತುಹೋಗುತ್ತದೆ.

ನಮ್ಮ ವಿಶಾಖಪಟ್ಟಣಕ್ಕೆ ಬಂದಾಗ ಬೀಚಿನಲ್ಲಿ ಪ್ರದರ್ಶನಕ್ಕೆ ಇಟ್ಟಿರುವ ಹಳೆಯ ಜಲಾಂತರ್ಗಾಮಿ ಹಡಗು ನೋಡಲು ಕರೆದೊಯ್ದೆವು. ಗೈಡು ಯುದ್ಧದ ಕಥೆ ಹೇಳುತ್ತಿದ್ದ. ಈಕೆ ಅಡುಗೆಮನೆಯ ಮುಂದೆ ನಿಂತುಬಿಟ್ಟಳು. "ಇಲ್ಲಿ ಒಗ್ಗರಣಿ ಹಾಕಿದ್ರ ಘಾಟು ಎಲ್ಲಿ ಹೋಗತದ? ಮ್ಯಾಲೆ ಸಮುದ್ರ, ಕೆಳಗ ಸಮುದ್ರ!" ಹಿಂದಿದ್ದ ಹೆಂಗಸರೆಲ್ಲ ಹೌದಲ್ಲ ಎಂದರು. ಯುದ್ಧ ಅಲ್ಲಿಗೇ ನಿಂತಿತು.

ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ರಸಪ್ರಶ್ನೆ ಸ್ಪರ್ಧೆ ಇರುತ್ತದೆ, ಮನೆಗೆ ಇಬ್ಬರಂತೆ. ವರ್ಷವರ್ಷವೂ ಅಣ್ಣತಂಗಿ ಜೋಡಿಯಾಗಿ ಕುಳಿತು ಬಹುಮಾನದ ಕಪ್ಪು ಗೆಲ್ಲುತ್ತಿದ್ದರು. ನಿಮ್ಮ ಅಜ್ಜ ಹೋದ ಮೇಲೆ ನಾನು ಮಾತೇ ಬಿಟ್ಟಿದ್ದೆ. ಮನೆಯಲ್ಲಿ ಹೂಂ, ಉಹೂಂ ಅಷ್ಟೇ. ಫೋನು ಬಂದರೆ ನಿಮ್ಮ ಕೈಗೆ ಕೊಡುತ್ತಿದ್ದೆ. ರಾಜ್ಯೋತ್ಸವ ಹತ್ತಿರ ಬಂದಾಗ ಆಕೆ ಬೆಳಗಿನ ರೈಲು ಹಿಡಿದು ಬಂದಳು.

"ವೈನಿ, ಈ ಸಲ ನನ್ನ ಜೋಡಿ ನೀವು."

ನಾನು ಒಲ್ಲೆನೆಂದು ತಲೆ ಅಲ್ಲಾಡಿಸಿದೆ.

"ಬಾಯಿ ತೆರೀಬ್ಯಾಡ್ರಿ. ಸುಮ್ನ ಗೊಂಬಿ ಹಂಗ ಕೂಡ್ರಿ. ಒಬ್ಬಾಕಿನ್ನ ಕೂಡಸಂಗಿಲ್ಲ ಅಂತಾರ. ಕಪ್ಪು ಬ್ಯಾರೆಯವರಿಗೆ ಹೋದ್ರ ಅಣ್ಣಗ ಏನು ಹೇಳಲಿ?"

ಹೀಗಾಗಿ ಹೋಗಿ ಕುಳಿತೆ. ಪ್ರಶ್ನೆ ಕೇಳುವವನು ಅಚ್ಯುತಾಪುರಂನ ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮೈಸೂರಿನ ತರುಣ. ಅವನು "ಸಿಂಹಾಚಲದ ದೇವರ ಮೈಮೇಲಿನ" ಎನ್ನುವಷ್ಟರಲ್ಲಿ ನಾದಿನಿ, "ಗಂಧ! ಅಕ್ಷಯ ತದಿಗಿ ದಿನ ತಗೀತಾರ!" ಎಂದಳು. ಪ್ರಶ್ನೆಯನ್ನೂ ಉತ್ತರವನ್ನೂ ಆಕೆಯೇ ಮುಗಿಸಿದರೆ ಅವನಿಗೇನು ಕೆಲಸ? ಕೊನೆಗೆ ನಾವೂ ಋಷಿಕೊಂಡದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಂಗಳೂರಿನ ದಂಪತಿಯೂ ಸಮಸಮ. ಒಂದೇ ಪ್ರಶ್ನೆ ಉಳಿಯಿತು, ಅದೂ ನಮ್ಮ ಸರದಿ.

"ಜೋಳದ ಹಿಟ್ಟನ್ನ ಕುದಿಯೋ ನೀರು ಹಾಕಿ ನಾದ್ತಾರೆ. ಗೋಧಿಗೆ ತಣ್ಣೀರೇ ಸಾಕು. ಯಾಕೆ?"

ನಾನು ನಾದಿನಿಯತ್ತ ನೋಡಿದೆ. ಹುಟ್ಟಿದಾಗಿನಿಂದ ರೊಟ್ಟಿ ತಿಂದವಳು, ಬಡಿದವಳು. ಆದರೆ ಬಾಯಿಗೆ ಸೆರಗು ಒತ್ತಿ ಹಿಡಿದು ಕುಳಿತಿದ್ದಳು. ಉತ್ತರ ತಡೆದು ತಡೆದು ಮುಖ ಕೆಂಪಾಗಿತ್ತು, ಕಾಲು ನೆಲ ಬಡಿಯುತ್ತಿತ್ತು. ಕಣ್ಣು ಮಾತ್ರ ನನ್ನ ಮೇಲಿತ್ತು. ಮೈಕು ನನ್ನ ಮುಂದಿತ್ತು. ಸಭೆಯೆಲ್ಲ ನನ್ನನ್ನೇ ನೋಡುತ್ತಿತ್ತು.

ಸಮಯ ಮುಗಿದ ಗಂಟೆ ಬಡಿಯಿತು.

ಆಮೇಲೆ, ಎಲ್ಲ ಮುಗಿದ ಮೇಲೆ, ನನ್ನ ಬಾಯಿ ತೆರೆಯಿತು. "ಜ್ವಾಳಕ್ಕ ಜಿಗಿ ಇರೂದಿಲ್ರಿ. ಕುದಿಯೂ ಎಸರು ಹಾಕಿದ್ರನ ಹಿಟ್ಟು ಒಂದಾಗಿ ಕೂಡತದ. ಇಲ್ಲಾಂದ್ರ ಬಡಿಯೂ ಮುಂದ ರೊಟ್ಟಿ ಸೀಳತದ."

"ಉತ್ತರ ಸರಿ ಅಜ್ಜಿ," ತರುಣ ಪೇಚಾಡಿದ. "ಆದ್ರೆ ಟೈಮ್ ಮುಗೀತಲ್ಲಾ..."

ನಾದಿನಿ ಈಗ ಎದ್ದು ಜಗಳ ತೆಗೆಯುತ್ತಾಳೆ ಎಂದು ಸಭೆಯೆಲ್ಲ ಕಾದಿತ್ತು. ಆಕೆ ಏಳಲೇ ಇಲ್ಲ. ಮಂಗಳೂರಿನವರು ಕಪ್ಪು ಎತ್ತಿಕೊಂಡು ಫೋಟೋಕ್ಕೆ ನಿಂತರು. ನಾನು ಪಿಸುಗುಟ್ಟಿದೆ: "ನಿಮಗ ಗೊತ್ತಿತ್ತಲ್ಲ? ಯಾಕ ಹೇಳಲಿಲ್ಲ?"

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಏನೂ ತಿಳಿಯದ ಮಗುವಿನ ಹಾಗೆ ಕೇಳಿದಳು.

"ಇನ್ನೊಮ್ಮೆ ಹೇಳ್ರಿ ವೈನಿ. ರೊಟ್ಟಿ ಯಾಕ ಸೀಳತದ?"

ನಾನು ಮೊದಲಿನಿಂದ ಹೇಳತೊಡಗಿದೆ.