ಮೈಸೂರು ಮಾರ್ಗವಾಗಿ ಹೈದರಾಬಾದ್

"ಕೆಂಪಾಪುರದಲ್ಲಿ ಇರೋನು ಹೈದರಾಬಾದಿಗೆ ಹೋಗೋಕೆ ಮೈಸೂರಿಗೆ ಯಾಕೆ ಹೋಗ್ಬೇಕು?"

ಸುಬ್ರಮಣಿ ಅಡುಗೆಮನೆಯ ಗೋಡೆಯನ್ನು ಕೇಳಿದ. ಮೊಬೈಲಿನೊಳಗಿನ ಟಿಕೆಟ್ಟು ಹಲ್ಲು ಕಿರಿಯುತ್ತಿತ್ತು: ನಾಳೆ ಮೈಸೂರಿನಲ್ಲಿ ವಿಮಾನ ಹತ್ತಬೇಕು, ಬೆಂಗಳೂರಿನಲ್ಲಿ ಇಳಿದು ಇನ್ನೊಂದು ಹಿಡಿಯಬೇಕು. ಬೆಂಗಳೂರಿನ ವಿಮಾನ ನಿಲ್ದಾಣ ಅವನ ಮನೆಯಿಂದ ಅರ್ಧ ಗಂಟೆಯ ದಾರಿ.

ಅವನು ದುಡಿಯುವ ಯಶವಂತಪುರದ ಪಂಪ್ ಕಂಪನಿಯಲ್ಲಿ ಕೆಲಸದ ಪ್ರಯಾಣಕ್ಕೆ ಟಿಕೆಟ್ ಮಾಡಿಸುವುದು ಸರಳಾ ಮೇಡಂ. ಫೋನ್ ಹಚ್ಚಿದ.

"ನೇರ ವಿಮಾನಕ್ಕಿಂತ ಸಾವಿರದ ನಾನೂರು ಕಮ್ಮಿ ಕಣ್ರೀ," ಎಂದರು ಆಕೆ.

"ಮೈಸೂರಿಗೆ ಹೋಗೋ ಬಸ್ ಚಾರ್ಜು, ಮೇಡಂ?"

"ಅದು ಲೆಕ್ಕದಲ್ಲಿ ಬೇರೆ ಹೆಡ್ಡಲ್ಲಿ ಬರುತ್ತೆ. ನಂದು ಬರೀ ವಿಮಾನ."

"ನಾಳೆ ಸಂಜೆ ಐದಕ್ಕೆ ಹೆಣ್ಣಿನ ಕಡೆಯವರು ನಮ್ಮನೆ ನೋಡೋಕೆ ಬರ್ತಾರೆ. ನೇರ ಹೋದ್ರೆ ನಾಲ್ಕಕ್ಕೆಲ್ಲ ವಾಪಸ್ ಇರ್ತೀನಿ."

"ಮನೆ ತಾನೇ ನೋಡೋದು? ಮನೆ ಅಲ್ಲೇ ಇರುತ್ತಲ್ಲ."

ಸುಬ್ರಮಣಿ ಗೋಡೆಗೊಂದು ಗುದ್ದು ಕೊಟ್ಟ. ಬಾಯಿಂದ ಮಾತ್ರ "ಸರಿ ಮೇಡಂ" ಎಂದೇ ಬಂತು. ವಯಸ್ಸು ಮೂವತ್ತೈದು. ಹನ್ನೊಂದು ಸಂಬಂಧ ತಪ್ಪಿಹೋಗಿದ್ದವು. ಇದು ಹನ್ನೆರಡನೆಯದು.

ವಠಾರದ ಮಾಲೀಕ ಮುನಿಆಂಜಿನಪ್ಪ ಕಿಟಕಿಯಲ್ಲಿ ತಲೆ ತೂರಿಸಿದ. "ಮೈಸೂರ್ಗ್ಯಾಕೆ ಓಯ್ತೀಯ? ನಡುವಾಗೆ ಬೆಂಗ್ಳೂರಲ್ಲೇ ಇಮಾನ ಅತ್ಕೊಳಪ್ಪ."

"ಮೊದಲನೇದು ಹತ್ತದಿದ್ರೆ ಎರಡನೇದೂ ಕ್ಯಾನ್ಸಲ್ ಮಾಡ್ತಾರೆ ಯಜಮಾನ್ರೇ."

"ಅಂಗಾದ್ರೆ ಬಸ್ಸೇ ವಾಸಿ," ಎಂದು ಆತ ತಲೆ ಹಿಂದಕ್ಕೆಳೆದುಕೊಂಡ.

ಮರುದಿನ ಮೊದಲ ಬಸ್ಸು ರಾಮನಗರ ದಾಟುವಾಗ ಸುಬ್ರಮಣಿಯ ಸಿಟ್ಟು ಕೊತಕೊತ ಕುದಿಯುತ್ತಿತ್ತು. ಮಂಡ್ಯದಲ್ಲಿ ಉಕ್ಕಿತು. ಮೈಸೂರಿನಲ್ಲಿ ವಿಮಾನ ಹತ್ತಿದಾಗ ಸುರಿಯಲು ಒಂದು ಪಾತ್ರೆ ಬೇಕಾಗಿತ್ತು. ಪಕ್ಕದ ಸೀಟಿನಲ್ಲೇ ಸಿಕ್ಕಿತು. ಬಿಳಿ ಪಂಚೆಯ ಹಿರಿಯರೊಬ್ಬರು, ಜೀವಮಾನದಲ್ಲಿ ಒಮ್ಮೆ ವಿಮಾನ ಹತ್ತಬೇಕೆಂದು ಬಂದವರು, ಪುರಾಣ ಕೇಳುವವರ ಹಾಗೆ ತಲೆದೂಗುತ್ತ ಕೂತಿದ್ದರು.

"ಮನುಷ್ಯನ ಬೆಲೆ ಸಾವಿರದ ನಾನೂರಂತೆ. ಪಂಪಿಗಾದ್ರೂ ಗ್ಯಾರಂಟಿ ಕೊಡ್ತಾರೆ, ನಮಗೆ ಅದೂ ಇಲ್ಲ," ಎಂದು ಇವನು ಇಳಿಯುವವರೆಗೂ ಬೈದ.

"ಎದುರು ಹೇಳ್ಲಿಲ್ವೇನಪ್ಪ?"

"ಎಲ್ಲಿ ಯಜಮಾನ್ರೇ? ಸರಿ ಮೇಡಂ ಅಂದೆ."

ಬೆಂಗಳೂರಿನಲ್ಲಿ ಇಳಿದರೆ ಹೈದರಾಬಾದಿನ ವಿಮಾನವೇ ರದ್ದು. ಸರಳಾ ಮೇಡಂ ಫೋನಿನಲ್ಲಿ, "ನಾಳೆ ಮತ್ತೆ ಮೈಸೂರಿಂದ ಹಾಕ್ತೀನಿ ಕಣ್ರೀ," ಎಂದರು. ಇವನು "ಸರಿ ಮೇಡಂ" ಎಂದು ಕೆಂಪಾಪುರಕ್ಕೆ ಓಡಿದ. ದೇವರು ಸಂಜೆಯನ್ನಾದರೂ ಉಳಿಸಿದ್ದ.

ಮುಖ ತೊಳೆದು ಇಸ್ತ್ರಿ ಅಂಗಿ ತೊಟ್ಟು ಐದಕ್ಕೆ ಸರಿಯಾಗಿ ನಡುಮನೆಗೆ ಬಂದ. ಕುರ್ಚಿಯ ಮೇಲೆ ಅದೇ ಬಿಳಿ ಪಂಚೆ ಕೂತು ಕೋಡುಬಳೆ ಮುರಿಯುತ್ತಿತ್ತು.

"ಹುಡುಗಿ ಸೋದರಮಾವ ಸೊಣ್ಣಪ್ಪನವರು ಕಣೋ," ಎಂದಳು ತಾಯಿ ದ್ರೌಪದಮ್ಮ. "ಮೈಸೂರಿಂದ ವಿಮಾನದಲ್ಲೇ ಬಂದವ್ರೆ."

ಸೊಣ್ಣಪ್ಪ ತಟ್ಟೆ ಕೆಳಗಿಟ್ಟರು. "ಮನೆ ಚೆನ್ನಾಗಿದೆ ಕಣಮ್ಮ," ಎಂದು ಎದ್ದರು.

ದ್ರೌಪದಮ್ಮ ಅಡ್ಡ ಬಂದಳು. "ಅಣ್ಣ, ಹುಡುಗೀನ ಕೊಟ್ಟು ನಮ್ಮನೆ ಬೆಳಗಿಸಿ. ಇವನಂಥ ಸಾಧು ಇನ್ನೊಬ್ಬ ಸಿಗಲ್ಲ."

"ವಿಮಾನದಲ್ಲಿ ಅಂದಿದ್ದೆಲ್ಲ ಕಂಪನಿ ತಪ್ಪಿಗೆ ಯಜಮಾನ್ರೇ," ಎಂದು ಸುಬ್ರಮಣಿ ತೊದಲಿದ.

"ಕಂಪನಿ ಕಟ್ಕೊಂಡು ನನಗೇನಪ್ಪ? ಗುರುತಿಲ್ಲದೋನ ಮುಂದೆ ದಾರಿಯುದ್ದ ಬೈದೆ. ಬೈಬೇಕಾದವರಿಗೆ ಸರಿ ಮೇಡಂ ಅಂದೆ. ನಾಳೆ ನಮ್ಮ ಹುಡುಗಿಗೊಂದು ಕಷ್ಟ ಬಂದ್ರೂ ಹಿಂಗೇ ತಾನೆ? ಆಗಲ್ಲ ಅನ್ನೋದು ಅಂಥ ಕಷ್ಟದ ಮಾತೇನಲ್ಲ. ನೋಡು, ಹಿಂಗೆ ಹೇಳ್ಬೇಕು."

ಅವರು ದ್ರೌಪದಮ್ಮನ ಕಡೆ ತಿರುಗಿ ಕೈ ಮುಗಿದರು.

"ನಮ್ಮ ಹುಡುಗೀನ ಕೊಡೋಕಾಗಲ್ಲಮ್ಮ."