ಸಂತೃಪ್ತ ಬಡಾವಣೆಯ ಕಮಾನು

ನಮ್ಮ ಬಡಾವಣೆಯ ಇನ್ನೂರ ಹನ್ನೆರಡು ಮನೆಗಳ ಜನರೂ ತಾವು ವಾಸಿಸುವ ಸ್ಥಳದ ಬಗ್ಗೆ ಸಂಪೂರ್ಣ ತೃಪ್ತಿ ಹೊಂದಿದ್ದಾರೆ ಎಂಬುದು ಸರ್ಕಾರಿ ದಾಖಲೆಯಲ್ಲಿರುವ ಸತ್ಯ. ಇವರಲ್ಲಿ ಇನ್ನೂರ ಹನ್ನೊಂದು ಮನೆಗಳವರು ತಾವಾಗಿಯೇ ತೃಪ್ತರು. ಉಳಿದ ಒಂದು ಮನೆಯವರನ್ನು ಕಚೇರಿಯ ವತಿಯಿಂದ ತೃಪ್ತಿಪಡಿಸಲಾಯಿತು. ದಾಖಲಿಸಿದವನು ನಾನೇ. ನಗರ ಕಚೇರಿಯ ಭಾವನಾ ಸಮೀಕ್ಷಾ ವಿಭಾಗದಲ್ಲಿ ಗುಮಾಸ್ತ. ಇದೇ ಬಡಾವಣೆಯ ನಿವಾಸಿಯೂ ಹೌದು, ಆದರೆ ಕಚೇರಿ ವೇಳೆಯಲ್ಲಿ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬಾರದೆಂದು ಸುತ್ತೋಲೆಯಿದೆ.

ಸಮೀಕ್ಷೆಯ ವಿಧಾನ ಸರಳ. ಮನೆಮನೆಗೆ ಹೋಗಿ, ನಿಮ್ಮ ಬಡಾವಣೆಯ ಬಗ್ಗೆ ನಿಮ್ಮ ಭಾವನೆ ಏನು ಎಂದು ಕೇಳಬೇಕು. ನಮೂನೆಯಲ್ಲಿ ಎರಡು ಚೌಕ: ತೃಪ್ತ, ಅತೃಪ್ತ. ಒಂದರಲ್ಲಿ ಗುರುತು, ಕೆಳಗೆ ಸಹಿ, ಮುಗೀತು. ಮೊದಲು 'ಹೇಗೋ ನಡೀತಿದೆ' ಎಂಬ ಮೂರನೇ ಚೌಕವೂ ಇತ್ತು. ಎಲ್ಲರೂ ಅದಕ್ಕೇ ಗುರುತು ಹಾಕಲು ಶುರುಮಾಡಿದ್ದರಿಂದ ಅದನ್ನು ಹಿಂಪಡೆಯಲಾಯಿತು.

ನಮ್ಮ ಜನರ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಗೇಟು ತೆಗೆದು ಒಳಗೆ ಕಾಲಿಡುವಾಗ ಒಬ್ಬೊಬ್ಬರದೂ ಗೋಳೋ ಗೋಳು. ಬೀದಿದೀಪ ಹಗಲೆಲ್ಲ ಉರಿದು ಸಂಜೆಗೆ ಆರಿಹೋಗುತ್ತೆ, ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಬರುತ್ತೆ, ಮೇಲಿನ ಮನೆಯವರು ಕಸವನ್ನು ನೇರ ತಲೆ ಮೇಲೇ ಸುರೀತಾರೆ. ನಾನು ಪೆನ್ನಿನ ಮುಚ್ಚಳ ತೆಗೆದದ್ದೇ ತಡ, ಫೋಟೋಗೆ ನಿಂತವರ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡುಬಿಡುತ್ತಿದ್ದರು.

"ತೃಪ್ತ ಅಂತಲೇ ಹಾಕಿ. ನಾವು ನಾವು ಮಾತಾಡ್ಕೊಳ್ಳೋದು ಬೇರೆ. ಹೊರಗಿನವರ ಕಣ್ಣಲ್ಲಿ ನಮ್ಮ ಏರಿಯಾ ಯಾಕೆ ಕೆಳಗಾಗ್ಬೇಕು?"

ಹೀಗೆಂದವರ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆದರೂ ಕೈಯಲ್ಲಿ ಪೆನ್ನಿರುವಷ್ಟು ಹೊತ್ತು ನಾನು ಹೊರಗಿನವನೇ. ನನ್ನ ಹೆಂಡತಿ ಕೂಡ ಬೆಳಗ್ಗೆಯಿಂದ ನೊಣಗಳನ್ನು ಬೈಯುತ್ತಿದ್ದವಳು, ನಮೂನೆ ನೋಡಿದ ಕೂಡಲೇ ಸೆರಗು ಸರಿಮಾಡಿಕೊಂಡು ತೃಪ್ತ ಎಂದಳು.

ಕೊನೆಯ ಮನೆ ಟೈಲರಕ್ಕನದು. ಬೀದಿಯ ಕೆಳತುದಿಯಲ್ಲಿ, ರಸ್ತೆಗಿಂತ ಒಂದು ಮೆಟ್ಟಿಲು ತಗ್ಗಿನಲ್ಲಿ. ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಗುಂಡಿ ತುಂಬಿದ ಗಾಜಿನ ಡಬ್ಬಿಗಳು, ಮೂಲೆಯಲ್ಲಿ ಗುಂಡಿಗೆ ಕಾಜಾ ಹೊಲಿಯುತ್ತಾ ಕೂರುವ ಅವರ ಅತ್ತೆ. ಬಾಗಿಲ ಮುಂದೆ ಹಾದುಹೋಗುವ ಚರಂಡಿಯ ಗೋಡೆ ಒಡೆದು ಎರಡು ವರ್ಷವಾಗಿತ್ತು. ಇಡೀ ಬೀದಿಯ ನೀರು ಅಲ್ಲಿಗೆ ಬಂದು, ಸೀದಾ ಹೋಗಬೇಕಾದದ್ದು ಅರ್ಧ ಅವರ ಕೋಣೆಗೆ ತಿರುಗುತ್ತಿತ್ತು. ನಾನು ಅಲ್ಲಿಗೆ ಹೋದ ವಾರವೇ ಶಾಲೆಯ ನಲವತ್ತು ಯೂನಿಫಾರಂ ಕಲೆಯಾಗಿದ್ದವು. ಇನ್ನೊಂದು ಸಲ ಹೀಗಾದರೆ ಬೇರೆಯವರಿಗೆ ಕೊಡುತ್ತೇವೆಂದು ಶಾಲೆಯವರು ಹೇಳಿ ಕಳಿಸಿದ್ದರು. ಆ ಮನೆ ನಡೆಯುತ್ತಿದ್ದದ್ದೇ ಯೂನಿಫಾರಂನಿಂದ.

"ಬರ್ಕೊಳಿ ಅಣ್ಣ. ಈ ಏರಿಯಾ ಅಂದ್ರೆ ನನಗೆ ಪ್ರಾಣ," ಅಂದರು ಟೈಲರಕ್ಕ. "ಬಂದು ಹತ್ತೊಂಬತ್ತು ವರ್ಷ ಆಯ್ತು. ನಮ್ಮ ಯಜಮಾನರು ಹೋದಾಗ ಈ ಬೀದಿಯವರು ಒಂದು ತಿಂಗಳು ನಮ್ಮ ಒಲೆ ಹಚ್ಚೋಕೆ ಬಿಡ್ಲಿಲ್ಲ. ನಾನು ಬೇರೆಲ್ಲೂ ಬದುಕಲ್ಲ. ಆ ಚರಂಡಿ ಒಂದು ಸರಿ ಮಾಡ್ಸಿಕೊಡಿ, ಸಾಕು."

"ಹಾಗಾದ್ರೆ ತೃಪ್ತ ಅಂತ ಹಾಕ್ಲಾ ಅಕ್ಕ?"

"ಹಾಕಿದ್ರೆ ಚರಂಡಿ ಮಾಡ್ತಾರಾ?"

"ಇಲ್ಲ. ತೃಪ್ತರಿಗೆ ಚರಂಡಿ ಯಾಕೆ?"

"ಸರಿ, ಅತೃಪ್ತ ಅಂತ ಹಾಕಿ."

"ಏರಿಯಾ ಅಂದ್ರೆ ಪ್ರಾಣ ಅಂದ್ರಲ್ಲ. ಅದು ಇದ್ರೆ ಇದು ಬರಲ್ಲ. ನಿಯಮ ಒಂಬತ್ತು."

ಮೂಲೆಯಿಂದ ಅಜ್ಜಿ ಸೂಜಿ ಎತ್ತಿ ಹಿಡಿದು ನನ್ನನ್ನೇ ನೋಡಿದರು. "ಅಲ್ಲಪ್ಪ, ನನ್ನ ಮಗ ಇದ್ದಷ್ಟು ದಿನ ಬೆಳಗಾದ್ರೆ ಬೈತಿದ್ದೆ. ಹಾಗಂತ ಅವನ ಮೇಲೆ ನನಗೆ ಪ್ರೀತಿ ಇರ್ಲಿಲ್ಲ ಅಂತ ಬರ್ಕೊಳ್ತಿದ್ದೆಯಾ ನೀನು?"

ಮಗನ ಬಗ್ಗೆ ನಮೂನೆಯಲ್ಲಿ ಚೌಕವಿಲ್ಲವೆಂದು ಹೇಳಿ ನಾನು ಪೆನ್ನನ್ನು ಸೊಸೆಯ ಕಡೆ ಚಾಚಿದೆ. ಟೈಲರಕ್ಕ ಬಟ್ಟೆಗೆ ಗುರುತು ಹಾಕುವಷ್ಟೇ ಜೋಪಾನವಾಗಿ ಅತೃಪ್ತ ಚೌಕಕ್ಕೆ ಗುರುತು ಹಾಕಿದರು.

ನಮ್ಮ ವಿಭಾಗದ ಸಾಹೇಬರು ಕಡತ ನೋಡಿ ಬಹಳ ನೊಂದುಕೊಂಡರು. ಶೇಕಡಾ ನೂರು ತೃಪ್ತಿ ಬಂದ ಬಡಾವಣೆಗೆ 'ಸಂತೃಪ್ತ ಬಡಾವಣೆ' ಎಂಬ ಬಿರುದೂ ಬೀದಿಯ ಬಾಯಲ್ಲಿ ಒಂದು ಕಮಾನೂ ಸಿಗುತ್ತದೆ. ಈ ನಗರದಲ್ಲಿ ಇದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. ನಮಗೆ ಒಂದೇ ಒಂದು ಮನೆ ಅಡ್ಡಬಂದಿತ್ತು.

"ಎರಡು ದಾರಿ ಇದೆ," ಅಂದರು ಸಾಹೇಬರು. "ಚರಂಡಿ ಸರಿ ಮಾಡೋದು, ಇಲ್ಲ ಭಾವನೆ ಸರಿ ಮಾಡೋದು. ಚರಂಡಿಗೆ ಏನೇನು ಬೇಕು?"

ನಾನು ವಿವರಿಸಿದೆ. ಚರಂಡಿಯ ಎಡಗೋಡೆ ರಸ್ತೆ ವಿಭಾಗಕ್ಕೆ ಸೇರಿದ್ದು, ಬಲಗೋಡೆ ನೀರು ವಿಭಾಗಕ್ಕೆ, ತಳ ಆರೋಗ್ಯ ವಿಭಾಗಕ್ಕೆ. ಮೂವರೂ ಒಟ್ಟಿಗೆ ಬಂದು ನಿಂತರೆ ಮಾತ್ರ ಕೆಲಸ ಆರಂಭಿಸಬಹುದು. ಹಿಂದೊಮ್ಮೆ ಬಂದಿದ್ದರು, ಒಡೆದಿರುವುದು ಗೋಡೆಯೋ ತಳವೋ ಎಂಬುದು ತೀರ್ಮಾನವಾಗದೆ ಮೂವರೂ ಚಹಾ ಕುಡಿದು ಹೋದರು.

"ಭಾವನೆಗೆ?"

"ಒಂದು ಸಹಿ ಸಾರ್."

ಸಾಹೇಬರು ಚರಂಡಿಯ ಕಡತ ಮುಚ್ಚಿದರು. ಮರುದಿನ ಟೈಲರಕ್ಕನ ಬಾಗಿಲಿಗೆ ನಾನೇ ಹೋಗಿ ಅಂಟಿಸಿದ ಸೂಚನಾಪತ್ರ ಹೀಗಿತ್ತು:

'ಅತೃಪ್ತರೆಂದು ಘೋಷಿಸಿಕೊಂಡಿರುವ ನಿವಾಸಿಗಳ ಭಾವನೆಯನ್ನು ಕಚೇರಿ ಆಳವಾಗಿ ಗೌರವಿಸುತ್ತದೆ. ಸದರಿಯವರನ್ನು ಅವರಿಗೆ ಇಷ್ಟವಿಲ್ಲದ ಸ್ಥಳದಲ್ಲಿ ಇರಿಸುವುದು ಅಮಾನವೀಯವಾದುದರಿಂದ, ಮೂವತ್ತು ದಿನಗಳೊಳಗಾಗಿ ಅವರನ್ನು ಬೇರೊಂದು ಬಡಾವಣೆಗೆ ಸ್ಥಳಾಂತರಿಸಲಾಗುವುದು. ಇದು ಶಿಕ್ಷೆಯಲ್ಲ, ಸೌಲಭ್ಯ. ಸೌಲಭ್ಯವನ್ನು ನಿರಾಕರಿಸಿದರೆ ಶಿಕ್ಷೆಯಿದೆ.'

ಅಂದೇ ಮಧ್ಯಾಹ್ನ ನಿವಾಸಿಗಳ ಸಂಘದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಬಂದರು. ಕೋಣೆಯ ನೆಲ ಒದ್ದೆಯಾಗಿದ್ದರಿಂದ ಎಲ್ಲರೂ ಮೆಟ್ಟಿಲ ಮೇಲೇ ನಿಂತು ಮಾತಾಡಿದರು.

"ನೋಡಮ್ಮ, ನಮಗೆ ಮಾತ್ರ ಕಷ್ಟ ಇಲ್ವಾ? ನಾವು ನುಂಗ್ಕೊಂಡಿಲ್ವಾ? ಒಂದು ಚರಂಡಿಗೋಸ್ಕರ ಇಡೀ ಏರಿಯಾದ ಮಾನ ಹರಾಜಿಗೆ ಹಾಕ್ತೀಯಾ?"

"ಮಾನದ ವಿಷಯ ಅಲ್ಲ ಮೇಷ್ಟ್ರೇ, ನೀರಿನ ವಿಷಯ. ನಿಮ್ಮೆಲ್ಲರ ಮನೆ ನೀರೇ ಅದು."

"ನಮ್ಮ ನೀರು ಅಂತ ಗೊತ್ತಿದ್ದೂ ಬೇಜಾರು ಮಾಡ್ಕೊಳ್ತೀಯಾ?" ಅಂದರು ಮೇಷ್ಟ್ರು. ಅವರಿಗೆ ನಿಜವಾಗಿಯೂ ನೋವಾಗಿತ್ತು.

ಜನ ಹೋದ ಮೇಲೆ ನಾನು ನಮೂನೆ ಹಿಡಿದು ನಿಂತಿದ್ದೆ. ಬೇರೆ ಬಡಾವಣೆಯಲ್ಲಿ ಒಣಗಿದ ಕೋಣೆ, ಇಲ್ಲಿ ಒದ್ದೆ ಕೋಣೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಟೈಲರಕ್ಕ ಬೀದಿಯನ್ನು ಒಂದು ಸಲ ನೋಡಿದರು, ಯಂತ್ರದ ಕಾಲನ್ನು ಒಂದು ಸಲ ನೋಡಿದರು. "ನಾನು ಎಲ್ಲಿಗೂ ಹೋಗಲ್ಲ," ಅಂದರು.

"ಇಲ್ಲೇ ಇರ್ತೀರಿ ಅಂದ್ರೆ ತೃಪ್ತಿ ಇದೆ ಅಂತ ಅರ್ಥ ಅಕ್ಕ."

ಅವರು ಸಹಿ ಹಾಕಿದರು. ಹಾಕುವಾಗ ಕಣ್ಣಲ್ಲಿ ನೀರಿತ್ತು. ನಾನೂ ಇದೇ ಬೀದಿಯವನೆಂಬುದು ನೆನಪಾಯಿತು, ಆದರೆ ಆಗಿನ್ನೂ ಐದು ಗಂಟೆಯಾಗಿರಲಿಲ್ಲ, ಕಚೇರಿ ವೇಳೆ.

ಬಿರುದು ಬಂತು. ಅದರ ಜೊತೆಗೆ ನಿಯಮ ಹನ್ನೊಂದೂ ಜಾರಿಗೆ ಬಂತು. ಸಂತೃಪ್ತ ಬಡಾವಣೆಯಿಂದ ಐದು ವರ್ಷಗಳ ಕಾಲ ಯಾವುದೇ ದೂರನ್ನು ಸ್ವೀಕರಿಸತಕ್ಕದ್ದಲ್ಲ, ಏಕೆಂದರೆ ತೃಪ್ತರು ದೂರು ಕೊಡುವುದು ಸುಳ್ಳು ಹೇಳಿಕೆಯಾಗುತ್ತದೆ. ಇದನ್ನು ಮೇಷ್ಟ್ರು ಸಭೆಯಲ್ಲಿ ಗಟ್ಟಿಯಾಗಿ ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಕಮಾನನ್ನು ಬೀದಿಯ ಕೆಳತುದಿಯಲ್ಲಿ, ಟೈಲರಕ್ಕನ ಮನೆಗಿಂತಲೂ ಕೆಳಗೆ, ಮುಖ್ಯರಸ್ತೆಗೆ ಕಾಣುವಂತೆ ನಿಲ್ಲಿಸಬೇಕೆಂದಿತ್ತು. ಎಂಜಿನಿಯರು ಬಂದು ನೆಲ ಒತ್ತಿ ನೋಡಿದರು. ಸದಾ ನೀರು ಕುಡಿದ ಆ ನೆಲದಲ್ಲಿ ಕಂಬ ನಿಲ್ಲುವುದಿಲ್ಲ, ಜೊತೆಗೆ ಫೋಟೋದಲ್ಲಿ ಕೆಸರು ಬೀಳುತ್ತದೆ ಎಂದು ವರದಿ ಕೊಟ್ಟರು. ಹೀಗಾಗಿ ಕಮಾನು ಟೈಲರಕ್ಕನ ಮನೆ ದಾಟಿ ಬೀದಿಯಲ್ಲಿ ಹನ್ನೆರಡು ಅಡಿ ಮೇಲಕ್ಕೆ ಹೋಯಿತು. ಬಿರುದಿಗೆ ತಕ್ಕ ಗಾಂಭೀರ್ಯ ಬರಲೆಂದು ಕಮಾನಿನ ಕೆಳಗೆ ರಸ್ತೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಮೊಣಕಾಲೆತ್ತರದ ಕಾಂಕ್ರೀಟ್ ಕಟ್ಟೆ ಕಟ್ಟಿದರು. ಮಧ್ಯೆ ಚರಂಡಿ ಬಂತು. ಚರಂಡಿ ಮೂರು ವಿಭಾಗಗಳಿಗೆ ಸೇರಿದ್ದರಿಂದ ಅದನ್ನು ಮುಟ್ಟುವಂತಿರಲಿಲ್ಲ. ಮುಟ್ಟದೆ ಅದರ ಮೇಲೇ ಕಾಂಕ್ರೀಟ್ ಸುರಿದರು.

ಉದ್ಘಾಟನೆಯಲ್ಲಿ ಸಾಹೇಬರು ಭಾಷಣ ಮಾಡಿದರು. "ಈ ಕಟ್ಟೆ ನಿಮ್ಮ ತೃಪ್ತಿಯನ್ನು ಒಂದು ಹನಿಯೂ ಹೊರಗೆ ಹೋಗದಂತೆ ಕಾಪಾಡುತ್ತದೆ" ಅಂದರು. ಹಾಗೇ ಆಯಿತು.

ನಮ್ಮ ಬೀದಿಯ ಇಳಿಜಾರು ಕಣ್ಣಿಗೆ ಕಾಣದಷ್ಟು ಕಮ್ಮಿ. ಮೂರನೇ ದಿನ ನೀರು ಕಟ್ಟೆಗೆ ಬಡಿದು ಹಿಂದಕ್ಕೆ ತಿರುಗಿತು. ಮೊದಲು ಮೇಷ್ಟ್ರ ಜಗಲಿ, ಆಮೇಲೆ ನಡುಮನೆ, ವಾರ ಕಳೆಯುವಷ್ಟರಲ್ಲಿ ನನ್ನ ಮನೆಯ ಮಂಚದ ಕೆಳಗೆ. ಚಪ್ಪಲಿಗಳು ಮನೆ ಬದಲಾಯಿಸತೊಡಗಿದವು, ನಮ್ಮನೇದು ಇಲ್ಲಿ ಬಂದಿದೆಯಾ ಎಂದು ಕೇಳಿಕೊಂಡು ಅಕ್ಕಪಕ್ಕದವರು ಬರುವುದು ಹೆಚ್ಚಾಯಿತು. ಇದರಿಂದ ನೆರೆಹೊರೆಯ ಬಾಂಧವ್ಯ ಬೆಳೆಯಿತೆಂದು ಸಂಘದ ವರದಿಯಲ್ಲಿ ಬರೆಯಲಾಗಿದೆ.

ಕಟ್ಟೆಯ ಆಚೆಗೆ ಟೈಲರಕ್ಕನ ಕೋಣೆ ಎರಡು ವರ್ಷಗಳಲ್ಲಿ ಮೊದಲ ಸಲ ಒಣಗಿತು. ಗೋಡೆ ಬೆಳ್ಳಗಾಯಿತು. ಯೂನಿಫಾರಂ ಗರಿಗರಿಯಾಗಿ ಶಾಲೆಗೆ ಹೋಯಿತು. ಅಜ್ಜಿ ಚಾಪೆ ಹಾಸಿ ನೆಲದ ಮೇಲೆ ಮಲಗಿದರು. ಟೈಲರಕ್ಕ ಆ ಖುಷಿಯಲ್ಲೇ ಕಟ್ಟೆ ಹತ್ತಿ ಬೀದಿ ನೋಡಿದರು. ನೋಡಿದವರು ಮನೆಗೆ ಹಿಂತಿರುಗಲಿಲ್ಲ, ಸೀದಾ ಕಚೇರಿಗೆ ಬಂದರು.

"ಅತೃಪ್ತ ಅಂತ ಬರ್ಕೊಡ್ತೀನಿ, ನಮೂನೆ ಕೊಡಿ," ಅಂದರು ಸಾಹೇಬರ ಮುಂದೆ.

"ನಿಮ್ಮ ಮನೇಲಿ ನೀರಿದೆಯಾ?"

"ನಮ್ಮನೆ ಒಣಗಿದೆ ಸಾರ್. ಬೀದಿಯವರ ಮನೇಲೆಲ್ಲ ನಿಂತಿದೆ. ನನಗೆ ನೋಡೋಕಾಗ್ತಿಲ್ಲ."

"ಅವರು ಯಾರೂ ಬಂದಿಲ್ವಲ್ಲ."

"ಐದು ವರ್ಷ ಬರೋ ಹಾಗಿಲ್ಲ ಅಂತ ನೀವೇ ಬರ್ಸ್ಕೊಂಡಿದೀರಲ್ಲ."

ಸಾಹೇಬರು ನ್ಯಾಯವಂತರು. ನಿಯಮ ಹನ್ನೊಂದನ್ನು ಬದಿಗಿಟ್ಟು, ಸ್ಥಳ ಪರಿಶೀಲನೆಗೆ ಟೈಲರಕ್ಕನ ಜೊತೆ ನನ್ನನ್ನು ಕಳಿಸಿದರು. ನಿವಾಸಿಗಳಲ್ಲಿ ಒಬ್ಬರಾದರೂ ನೀರಿದೆ ಎಂದು ಒಪ್ಪಿದರೆ ಸಾಕು, ಕಟ್ಟೆಯಲ್ಲಿ ಒಂದು ತೂತು ಕೊರೆಸುತ್ತೇನೆ ಎಂದು ಮಾತು ಕೊಟ್ಟರು. ದೊಡ್ಡ ಮನುಷ್ಯರು.

ಮೇಷ್ಟ್ರು ಊಟದ ಮೇಜಿನ ಮೇಲೆ ಕೂತು ಪತ್ರಿಕೆ ಓದುತ್ತಿದ್ದರು. ಮೇಜಿನ ಕಾಲುಗಳು ಅರ್ಧ ಕಾಣುತ್ತಿರಲಿಲ್ಲ. ನಾನು ಪೆನ್ನಿನ ಮುಚ್ಚಳ ತೆಗೆದೆ. "ಮೇಷ್ಟ್ರೇ, ಮನೆಯಲ್ಲಿ ನೀರು ನಿಂತಿದೆಯೇ?"

ಅವರು ಬೆನ್ನು ನೆಟ್ಟಗೆ ಮಾಡಿಕೊಂಡರು. "ಯಾವ ನೀರು?"

"ಒಂದೇ ಒಂದು ಮಾತು ಹೇಳಿ ಮೇಷ್ಟ್ರೇ," ಅಂದರು ಟೈಲರಕ್ಕ, ಸೀರೆ ಎತ್ತಿ ಹಿಡಿದು ಅವರ ನಡುಮನೆಯ ನೀರಿನಲ್ಲೇ ನಿಂತು. "ಹೌದು ಅಂದ್ರೆ ತೂತು ಕೊರೀತಾರೆ. ಆ ನೀರು ನಮ್ಮನೆಗೇ ಬರತ್ತೆ ಅಂತ ನನಗೆ ಗೊತ್ತು. ಬರ್ಲಿ. ನೀವು ಹೀಗಿರೋದು ಬೇಡ."

ಮೇಷ್ಟ್ರು ಪತ್ರಿಕೆ ಮಡಚಿದರು. "ಅಮ್ಮಾ, ನಿನ್ನ ಮನೆ ಇರೋದು ಕಮಾನಿನ ಹೊರಗೆ. ಹೊರಗಿನವರು ಬಂದು ನಮ್ಮ ಏರಿಯಾ ಬಗ್ಗೆ ಹೀಗೆಲ್ಲ ಮಾತಾಡೋದು ನಮಗೆ ಹಿಡಿಸಲ್ಲ."

ಟೈಲರಕ್ಕನ ಮುಖ ಬಿಳಿಚಿಕೊಂಡಿತು. ಎತ್ತಿ ಹಿಡಿದಿದ್ದ ಸೀರೆಯನ್ನು ಕೈಬಿಟ್ಟರು. ಅಂದು ಮಿಕ್ಕ ಮನೆಗಳಲ್ಲೂ ಅದೇ ಉತ್ತರ ಬಂತು. ನನ್ನ ಮನೆಯಲ್ಲಿ ನಾನೇ ಕೇಳಿ ನಾನೇ ಇಲ್ಲವೆಂದು ಬರೆದುಕೊಂಡೆ. ಟೈಲರಕ್ಕ ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

ಪರಿಶೀಲನಾ ವರದಿ ಸಲ್ಲಿಕೆಯಾದ ಮರುದಿನ ಮೇಷ್ಟ್ರು ಎರಡು ಪ್ಯಾಂಟು ಮಡಚಿ ಕಂಕುಳಲ್ಲಿಟ್ಟುಕೊಂಡು ಕಟ್ಟೆ ದಾಟಿದರು. ಅಂಚು ನೆನೆಯುತ್ತಿದೆ ಎನ್ನಲಿಲ್ಲ. ಈಗ ಗಿಡ್ಡ ಇದ್ರೇ ಚೆನ್ನಾಗಿ ಕಾಣತ್ತೆ, ಆರು ಇಂಚು ಕಮ್ಮಿ ಮಾಡಮ್ಮ, ಅಂದರು. ಅವರ ಹಿಂದೆ ಬೀದಿಯೇ ಬಂತು. ಪ್ಯಾಂಟು, ಪೈಜಾಮ, ಲಂಗ, ಶಾಲೆಗೆ ಹೋಗುವ ಮಕ್ಕಳ ಬಟ್ಟೆ. ಟೈಲರಕ್ಕನಿಗೆ ಕೈ ಬಿಡುವಿಲ್ಲ. ಅಜ್ಜಿ ಕಾಜಾ ಬಿಟ್ಟು ಅಂಚು ಮಡಚಲು ಕೂತಿದ್ದಾರೆ. ಪೇಟೆಯಲ್ಲಿ ಗಿಡ್ಡ ಪ್ಯಾಂಟಿನವರು ಕಂಡರೆ ಜನ ಸಂತೃಪ್ತ ಬಡಾವಣೆಯವರು ಎಂದು ದಾರಿ ಬಿಡುತ್ತಾರೆ. ಪಕ್ಕದ ಎರಡು ಬಡಾವಣೆಗಳವರು ತಮಗೂ ಕಮಾನು ಬೇಕೆಂದು ಅರ್ಜಿ ಹಾಕಿದ್ದಾರೆ.

ನಿನ್ನೆ ಕಚೇರಿ ಮುಗಿಸಿ ನಾನೂ ನನ್ನ ಪ್ಯಾಂಟು ತೆಗೆದುಕೊಂಡು ಹೋದೆ. ಕಣಕಾಲಿನ ಮೇಲಕ್ಕೆ ಮಾಡಿಕೊಡಿ ಎಂದೆ. ಟೈಲರಕ್ಕ ಟೇಪು ಹಿಡಿದು ಕೂತು, ಅಳೆದು, ಮೊಣಕಾಲಿಗಿಂತ ಒಂದು ಗೇಣು ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು.

"ಅಷ್ಟೊಂದಾ ಅಕ್ಕ?"

"ಮಳೆಗಾಲ ಇನ್ನೂ ಬಂದಿಲ್ಲ ಅಣ್ಣ, ನಿಮ್ಮ ಏರಿಯಾದಲ್ಲಿ."

ನಿಮ್ಮ ಏರಿಯಾ ಅಂದರು. ನಾನು ತಿದ್ದಲಿಲ್ಲ. ನೆಟ್ಟಗೆ ನಿಂತ್ಕೊಳಿ ಅಂದರು, ನಿಂತೆ.