ಮಾವನ ಪಾಸ್ತಾ, ನನ್ನ ಮೂಗು

ನಮ್ಮ ಸೋದರಮಾವನ ಮೂಗು ಎರಡು ವರ್ಷದಿಂದ ರಜೆಯ ಮೇಲಿದೆ! ಇರುವುದು ಮುಖದಲ್ಲೇ, ಕನ್ನಡಕವನ್ನೂ ಹೊತ್ತಿದೆ. ಮೂಲ ಕೆಲಸವೊಂದನ್ನು ಮಾತ್ರ ಬಿಟ್ಟಿದೆ. ಶಾಂತಿಗ್ರಾಮದ ಕಡೆಯ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷಿಸುತ್ತಿದ್ದವರು ಅವರು. ಕ್ಯಾನಿನ ಮುಚ್ಚಳ ತೆಗೆಯುತ್ತಲೇ, "ನಿನ್ ಅಸ ಈರುಳ್ಳಿ ಗರಿ ತಿಂದೈತೆ ಕಣ್ಲಾ" ಎಂದು ಹೇಳಿಬಿಡುತ್ತಿದ್ದ ಮೂಗು ಅದು. ಒಂದು ಜ್ವರ ಬಂತು. ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು.

ಅಂದಿನಿಂದ ಮಾವ ಬಾಡಿಗೆ ಮೂಗುಗಳ ಮೇಲೆ ಬದುಕುತ್ತಿದ್ದಾರೆ. ಪಕ್ಕದ ಮನೆಯ ಮೇಷ್ಟ್ರಿಗೆ ಕಾಂಪೌಂಡಿನ ಮೇಲಿಂದ ತಮ್ಮ ಅಂಗಿ ಚಾಚಿ, "ಒಸಿ ಮೂಸಿ ಯೋಳಿ ಸಾ, ಇನ್ನೊಂದಿನ ತಡೀತದಾ?" ಎಂದು ಕೇಳುವವರನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ? ಮೇಷ್ಟ್ರು ಈಗ ಹಿತ್ತಿಲಿಗೆ ಬರುವುದನ್ನೇ ಬಿಟ್ಟಿದ್ದಾರೆ.

ಅಂಗಿಯ ವಿಷಯ ನಗುವಂಥದ್ದು. ಒಲೆಯದು ಹಾಗಲ್ಲ. ಅಡುಗೆ ಎಂದರೆ ಪ್ರಾಣ ಬಿಡುವ ಮಾವ ಒಂದು ದಿನ ಒಲೆಯ ಮೇಲೆ ಹಾಲಿಟ್ಟು, ಮುಖದ ಮುಂದೆ ಪೇಪರು ಹಿಡಿದು ಕೂತಿದ್ದರು. ಹಾಲು ಸೀದು ಪಾತ್ರೆ ಕರಕಲಾದರೂ ಪೇಪರು ಅಲುಗಲಿಲ್ಲ. ಅತ್ತೆ ಅವತ್ತೇ ತೀರ್ಪು ಕೊಟ್ಟರು: "ಇನ್ಮೇಲೆ ನೀವು ಒಲೆ ಮುಟ್ಟಂಗಿಲ್ಲ!"

ಹೋದ ಬೇಸಿಗೆ ರಜೆಗೆ ಬಂದ ಮೊಮ್ಮಗಳು, ಹಾಸನದಲ್ಲಿ ಯಾರದೋ ಹುಟ್ಟುಹಬ್ಬದಲ್ಲಿ ತಿಂದ ಬೇಕ್ ಮಾಡಿದ ಪಾಸ್ತಾ, ಜೊತೆಗೆ ಬಿಸಿ ಬ್ರೆಡ್ಡು ಬೇಕೆಂದು ಹಟ ಹಿಡಿದಳು. ಅತ್ತೆ ನಾಮಕರಣಕ್ಕೆಂದು ಅರಕಲಗೂಡಿಗೆ ಹೊರಟ ದಿನವೇ ಮಾವ ಸೋದರಸೊಸೆಯಾದ ನನ್ನನ್ನು ಕರೆಸಿಕೊಂಡರು.

"ಸಂಜೆ ಬಸ್ಸಿಗೆ ನಿಮ್ಮತ್ತೆ ಬತ್ತಾಳೆ. ಅಷ್ಟ್ರಲ್ಲಿ ಪಾಸ್ತಾ, ಬ್ರೆಡ್ಡು ಎರಡೂ ಆಗ್ಬೇಕು, ಒಂದೂ ಸೀಯಂಗಿಲ್ಲ. ಗೆದ್ರೆ ಒಲೆ ನಂದು ಕಣ್ ಮಗ!"

"ನಾನ್ಯಾಕೆ ಮಾವ?"

"ನಿಂದು ಮಾತು ಕಮ್ಮಿ, ಸುಳ್ಳಂತೂ ಯೋಳಾಕಿಲ್ಲ. ಮೂಗಿನ್ ಕೆಲ್ಸಕ್ಕೆ ಇನ್ನೇನ್ ಬೇಕು?"

ನನ್ನ ಎಂ.ಎಸ್ಸಿ.ಗೆ ಸಿಕ್ಕ ಮೊದಲ ಹುದ್ದೆ!

ಬೆಣ್ಣೆಯಲ್ಲಿ ಹುರಿದ ಮೈದಾಕ್ಕೆ ಹಾಲು ಸುರಿದು ಬಿಳಿ ಸಾಸು ಮಾಡುವುದಿತ್ತು. ಮಾವ ಪಾತ್ರೆಯನ್ನು ನೆಲಕ್ಕಿಳಿಸಿ, ಬಟ್ಟೆ ಸುತ್ತಿ ಪಾದಗಳಲ್ಲಿ ಅದುಮಿ ಹಿಡಿದು, ಮುದ್ದೆ ಕೋಲಿನಿಂದ ತಿರುವತೊಡಗಿದರು. "ಗಂಟು ಬಿದ್ರೆ ಮಾನ ಓಯ್ತದೆ!" ಒಂದು ಗಂಟೂ ಬೀಳಲಿಲ್ಲ. ಪಾಸ್ತಾದ ದೇಶದವರು ನೋಡಿದ್ದರೆ ಹಡಗಿನಲ್ಲಿ ಕೋಲು ತರಿಸಿಕೊಳ್ಳುತ್ತಿದ್ದರು.

ದಪ್ಪ ತಳದ ಪಾತ್ರೆಗೆ ಮರಳು ಹರಡಿದ್ದೇ ನಮ್ಮ ಓವನ್ನು. ಪಾಸ್ತಾ ಹೊಂಬಣ್ಣಕ್ಕೆ ತಿರುಗಿ ಹೊರಬಂತು. ಬಳಿಕ ಬ್ರೆಡ್ಡು ಒಳಹೋಯಿತು, ನಾನು ಪಕ್ಕದಲ್ಲಿ ಸ್ಟೂಲು ಹಾಕಿ ಕೂತೆ.

"ರಿಪೋರ್ಟು ಕೊಡು ಮಗ!"

"ಹಸಿ ಹಿಟ್ಟು."

"ಈಗ?"

"ಬೆಣ್ಣೆ ಸವರಿದ ಚಪಾತಿ."

"ಅಂಗ್ ಬಾ ದಾರಿಗೆ!"

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಅತ್ತೆ, ಒಂದು ಬಸ್ಸು ಮೊದಲೇ! ಚೀಲ ಇಸಿದುಕೊಳ್ಳಲು ಎದ್ದು ಹೋದೆ. ನಾಮಕರಣದ ಸುದ್ದಿ ಶುರುವಾಯಿತು. ಕೂಸಿನ ಹೆಸರು ಹೇಳುವ ಮೊದಲೇ ಅತ್ತೆಯ ಮೂಗು ಮೇಲೆದ್ದಿತು. ಸೀದ ವಾಸನೆ ನನಗೂ ಬಡಿಯಿತು.

ನಾವು ಓಡಿ ಬಂದಾಗ ಮಾವ ಬ್ರೆಡ್ಡನ್ನು ತಟ್ಟೆಗಿಳಿಸಿ, ಎದೆಯ ತುಂಬ ಹಿಟ್ಟು ಮೆತ್ತಿಕೊಂಡು, ಉದ್ದಕ್ಕೆ ಉಸಿರೆಳೆದುಕೊಳ್ಳುತ್ತ ನಿಂತಿದ್ದರು. ಮೇಲೆ ಹೊಂಬಣ್ಣ. ಅತ್ತೆ ನಮ್ಮ ಕಡೆಯ ಅಂಚನ್ನು ಬೆರಳಿನಿಂದ ಚೂರು ಎತ್ತಿದರು. ತಳ ಕಾವಲಿಯಷ್ಟು ಕಪ್ಪು.

"ಮಗ, ವಾಸ್ನೆ ಎಂಗೈತೆ? ದಿಟ ಯೋಳು."

ನಾನು ಖಾಲಿ ಸ್ಟೂಲಿನ ಕಡೆ ನೋಡಿದೆ. ಎದ್ದು ಹೋದವಳು ನಾನಲ್ಲವೇ?

"ಅವುಳ್ನೇನ್ ಕೇಳ್ತೀರಿ, ನಾನಿಲ್ವಾ?" ಎಂದರು ಅತ್ತೆ. "ಒಸ ಬೆಣ್ಣೆ ಕಾಸ್ದಂಗೈತೆ."

"ಸೀದಿಲ್ವಾ?"

"ಇಲ್ಲ."

"ಆಣೆ?"

"ಸುಮ್ಕೆ ಕುಂತ್ಕಳಿ. ಮುಂದಿನ್ ಸಲ ಆ ಸ್ಟೂಲ್ ಮ್ಯಾಲೆ ನಾನೇ ಕುಂತಿರ್ತೀನಿ. ಇವ್ಳು ನಡುವೆ ಎದ್ದೋಗ್ಬುಡ್ತಾಳೆ."

ಅತ್ತೆ ನಮಗೆ ಬೆನ್ನು ತಿರುಗಿಸಿ ಬ್ರೆಡ್ಡು ಕೊಯ್ದರು. ನಡುವಿನ ಬಿಳಿಯ ತುಂಡುಗಳು ಮಾವನಿಗೂ ಮೊಮ್ಮಗಳಿಗೂ ಹೋದವು. ತಳದ ಕರಿ ಚೂರುಗಳನ್ನು ತಮ್ಮ ತಟ್ಟೆಯಲ್ಲಿ ಪಾಸ್ತಾದ ಕೆಳಗೆ ಸರಿಸಿಕೊಂಡು, ಅರಕಲಗೂಡಿನ ಕೂಸಿನ ಸುದ್ದಿ ಹೇಳುತ್ತ ಹೇಳುತ್ತ ಒಂದೂ ಬಿಡದೆ ತಿಂದರು.